ಹನುಮಸಾಗರದಿಂದ ಬಂದವರು

"ಇನ್ನೊಂದು ಹಿಡಿ ಹಾಕ್ಲಾ?" ಮುನ್ನಿ ಪಿಸುಗುಟ್ಟಿದಳು.

"ಹಾಕು. ತಿಂದವರು ಸಾಯಬಾರದು, ಅಷ್ಟ," ಎಂದಳು ನಿಶಾತ.

ಮಂಡಕ್ಕಿ ಒಗ್ಗರಣೆಯ ಮೇಲೆ ಎರಡನೇ ಹಿಡಿ ಉಪ್ಪು ಬಿತ್ತು. ಹೊರಗೆ ಪಡಸಾಲೆಯಲ್ಲಿ ಹನುಮಸಾಗರದ ಹೆಂಗಸರು ಕೂತಿದ್ದರು: ಬಾನುಬೀ ಮತ್ತು ಅವಳ ಇಬ್ಬರು ಸೊಸೆಯರು. ಬಾನುಬೀಯ ಕಿರಿಮಗ ನಜೀಬನಿಗೆ ಅಲ್ಲಿ ವೆಲ್ಡಿಂಗ್ ಅಂಗಡಿ ಇತ್ತು, ಹೆಂಡತಿ ಇರಲಿಲ್ಲ. ಇಂಥ ಉರಿಬಿಸಿಲಲ್ಲಿ ಬಸ್ಸು ಹತ್ತಿ ಯಲಬುರ್ಗಾಕ್ಕೆ ಬರಲು ಬೇರೆ ಕಾರಣ ಬೇಕಿರಲಿಲ್ಲ.

ಗೆಳತಿಯರಿಬ್ಬರೂ ಬಿ.ಎ. ಕೊನೆಯ ಪರೀಕ್ಷೆ ಬರೆದು ಕೂತಿದ್ದರು. ಮಳೆಗಾಲಕ್ಕೆ ಕೊಪ್ಪಳದಲ್ಲಿ ಬಿ.ಎಡ್. ಸೇರುವುದು, ಬೆಳಗಿನ ಬಸ್ಸಿನ ಕಿಟಕಿಯಿಂದ ವೇಲ್ ಎಸೆದು ಇಬ್ಬರಿಗೂ ಸೀಟು ಹಿಡಿಯುವುದು, ಮುಂದೆ ಒಂದೇ ಶಾಲೆಯಲ್ಲಿ ಟೀಚರಾಗುವುದು. ಎಲ್ಲ ಮಾತಾಗಿತ್ತು. ಮನೆಯವರು ಬೇಡ ಎಂದಿರಲಿಲ್ಲ, "ನೋಡೋಣ" ಎಂದಿದ್ದರು. ಆ "ನೋಡೋಣ" ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಪ್ರತಿ ಬೇಸಿಗೆಯೂ ಅವರ ತರಗತಿಯ ಒಂದಿಬ್ಬರನ್ನು ಒಯ್ಯುತ್ತಿತ್ತು. ಹೋದ ತಿಂಗಳು ವಾಣಿಶ್ರೀಯ ಸರದಿ. ಅವಳ ಮದುವೆಯಲ್ಲಿ ಹೊಟ್ಟೆ ತುಂಬ ಹೋಳಿಗೆ ಉಂಡು ಬಂದು, ಇಬ್ಬರೂ ಮಾಳಿಗೆ ಮೇಲೆ ಕೂತು ಅತ್ತಿದ್ದರು.

ಈಗ ನಿಶಾತಳ ಪಾಳಿ. ಉಪಾಯ ಹೂಡಿದವಳು ಮುನ್ನಿ. ಹೆಣ್ಣು ನೋಡಿದವರು ಬೇಡ ಎಂದು ಹೋದ ಮನೆಗೆ ಇನ್ನೊಬ್ಬರು ಬರಲು ಹಿಂದೆಮುಂದೆ ನೋಡುತ್ತಾರೆ. ಏನೋ ಐಬು ಇದ್ದೀತು ಎಂಬ ಮಾತು ವರ್ಷವಾದರೂ ಓಣಿ ಸುತ್ತುತ್ತದೆ. ತಾಯಂದಿರಿಗೆ ಅದು ಪೀಡೆ. ಮುನ್ನಿಗೆ ಅದೇ ವರ.

"ಒಂದ ಸಲ ಬ್ಯಾಡ ಅನಿಸ್ಕೋ, ಪಾರಾದಿ," ಎಂದಿದ್ದಳು. "ನೀ ಪೆದ್ದಿ ಹಂಗ ಕೂಡು. ನಿನ್ನ ಬಾಜೂಕ ನಾ ಚುರುಕಾಗಿ ಓಡಾಡ್ತೀನಿ. ನಿನ್ನ ಪೆದ್ದತನ ಎದ್ದು ಕಾಣ್ತೈತಿ."

ಅದೃಷ್ಟವೂ ಅವರ ಕಡೆಗೇ ಇತ್ತು. ನಿಶಾತ ಬಣ್ಣಗೆಟ್ಟ ಚೂಡಿದಾರದಲ್ಲೇ ಓಡಾಡುತ್ತಿದ್ದರೂ ತಾಯಿ ಮುಮ್ತಾಜಬೇಗಂ ಬದಲಿಸು ಎನ್ನಲಿಲ್ಲ. "ಮುನ್ನೀನ್ನ ಕರಕೊಂಡು ಬಾ, ಛಲೋತ್ನಂಗ ತಲಿ ಬಾಚ್ಕೊಂಡು ಬರ್ಲಿ," ಎಂದಷ್ಟೇ ಹೇಳಿದ್ದಳು. ಮುನ್ನಿಯ ತಾಯಿ ಲಾಲಬೀ ಪಕ್ಕದ ಓಣಿಯಿಂದ ನೆರವಿಗೆಂದು ಬೆಳಿಗ್ಗೆಯೇ ಬಂದವಳು ಸೆರಗು ಹಿಂಡುತ್ತ ಮೂಲೆ ಹಿಡಿದಿದ್ದಳು. ಉಪ್ಪಿನ ಡಬ್ಬಿ ಬರಿದಾದದ್ದೂ ಅವಳ ಕಣ್ಣಿಗೆ ಬೀಳಲಿಲ್ಲ. ತನ್ನ ಚಿಂತೆಯನ್ನು ಇಷ್ಟು ಹಚ್ಚಿಕೊಂಡಿದ್ದಾಳಲ್ಲ ಎಂದು ನಿಶಾತ ಮರುಗಿದಳು.

ನಿಶಾತ ಒಗ್ಗರಣೆಯ ತಟ್ಟೆಗಳನ್ನು ದಢಕ್ಕನೆ ಇಟ್ಟಳು. ಸಲಾಂ ಹೇಳುವುದನ್ನು ಬೇಕೆಂದೇ ಮರೆತಳು. ಹಿಂದೆಯೇ ಬಂದ ಮುನ್ನಿ ತಲೆ ಮೇಲಿನ ವೇಲ್ ಸರಿಮಾಡಿಕೊಂಡು, ಒಬ್ಬೊಬ್ಬರಿಗೂ ಬಾಗಿ ಶರಬತ್ತು ಕೊಟ್ಟಳು. ಬಾನುಬೀ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಲೋಟದ ಶರಬತ್ತನ್ನು ಗಟಗಟ ಕುಡಿದಳು.

"ಒಗ್ಗರಣಿ ನಮ್ಮ ನಿಶಾತ ಮಾಡ್ಯಾಳ್ರಿ. ಶರಬತ್ತು ಮುನ್ನೀದು," ಎಂದಳು ಮುಮ್ತಾಜಬೇಗಂ, ಯಾರೂ ಕೇಳದಿದ್ದರೂ.

ಹೆತ್ತ ತಾಯಿಯೇ ಹೀಗೆ ತಿಳಿಯದೆ ತಮ್ಮ ಉಪಾಯಕ್ಕೆ ನೆರವಾದದ್ದು ಕಂಡು ನಿಶಾತಳಿಗೆ ನಗು ತಡೆಯಲಾಗಲಿಲ್ಲ. ಆ ನಗುವನ್ನೂ ಬಾನುಬೀ ನೋಡಿದಳು.

"ಮನಿ ಕೆಲಸ ಏನೇನ ಬರ್ತೈತವ್ವ?"

"ಇಕಿಗೆ ನಿದ್ದಿ ಮಾಡಾಕ ಭಾಳ ಛಲೋ ಬರ್ತೈತ್ರಿ," ಎಂದಳು ಮುನ್ನಿ, ನಿಶಾತಳ ಕಡೆ ಕೈ ತೋರಿ. "ಅಡಿಗಿ, ಹೊಲಿಗಿ ಎಲ್ಲಾ ನಾನ ಕಲಿಸಬೇಕ್ರಿ."

ಸೊಸೆಯರು ಮುಖ ಮುಖ ನೋಡಿಕೊಂಡರು. ಬಾನುಬೀ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಅವರು ಹೋದರು. ಸುದ್ದಿ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ ಎಂದರೆ ಬೇಡವೆಂದೇ ಅರ್ಥ. ಸಂಜೆ ಬಿಸಿಲಿಳಿದ ಮೇಲೆ ಮಾಳಿಗೆ ಏರಿ, ಮಾವಿನಕಾಯಿ ಹೋಳುಗಳಿಗೆ ಖಾರಪುಡಿ ಹಚ್ಚಿ ತಿನ್ನುತ್ತ, "ಮುದುಕಿ ಇನ್ನೂ ನೀರು ಕುಡಿಯಾಕತ್ತಿರಬೇಕು," ಎಂದು ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಒಮ್ಮೆ ವಾಣಿಶ್ರೀ ಗಂಡನ ಮನೆಯಿಂದ ಫೋನ್ ಮಾಡಿದಳು. ಅವಳಿಗೂ ಇದನ್ನು ಹೇಳಿಕೊಡಬೇಕಿತ್ತು ಎಂದಳು ಮುನ್ನಿ. ಆ ಕಡೆ ವಾಣಿಶ್ರೀ ನಗಲಿಲ್ಲ. ಯಾರೋ ಕರೆದರೆಂದು ಫೋನ್ ಇಟ್ಟಳು.

ಶುಕ್ರವಾರ ಸಂಜೆ ಮುಮ್ತಾಜಬೇಗಂ ಏದುಸಿರು ಬಿಡುತ್ತ ಮಾಳಿಗೆ ಹತ್ತಿ ಬಂದಳು. ಮುಷ್ಟಿಯಲ್ಲಿ ಸಕ್ಕರೆ ಇತ್ತು.

"ಹನುಮಸಾಗರದವ್ರು ಒಪ್ಪ್ಯಾರ! ಗಂಡಸ್ರು ಮಾತು ಕೊಟ್ಟು ಬಂದ್ರು. ಬಕ್ರೀದ್ ಮುಗಿದ ಮ್ಯಾಲೆ ನಿಖಾ."

ನಿಶಾತ ದಿಗ್ಗನೆ ಎದ್ದು ನಿಂತಳು. ಅಷ್ಟು ಉಪ್ಪು ತಿಂದೂ ಒಪ್ಪಿದವರ ಮುಂದೆ ಇನ್ನು ಯಾವ ಆಟ ನಡೆಯುತ್ತದೆ? ಗಂಡಸರು ಕೊಟ್ಟ ಮಾತು ತಿರುಗಿ ಬಂದದ್ದನ್ನು ಆ ಓಣಿ ಎಂದೂ ಕಂಡಿರಲಿಲ್ಲ. ಬಿ.ಎಡ್. ಮುಗಿಯಿತು, ಬಸ್ಸು ಮುಗಿಯಿತು, ಈ ಮಾಳಿಗೆಯೂ ಮುಗಿಯಿತು. "ನಾ ಒಲ್ಲೆ ಅಮ್ಮಿ," ಎಂದು ಗೋಡೆಗೆ ಹಣೆಯಿಟ್ಟು ಬಿಕ್ಕಿದಳು.

ಮುನ್ನಿ ಓಡಿ ಬಂದು ತಬ್ಬಿಕೊಂಡಳು. "ಅಳಬ್ಯಾಡ. ನಾ ಸತ್ತೀನೇನು? ನಿಮ್ಮ ಅಬ್ಬಾನ ಕಾಲು ಹಿಡೀತೀನಿ. ನಿನ್ನ ಬಿಟ್ಟು ನಾ ಒಬ್ಬಾಕಿ ಬಸ್ ಹತ್ತಾಂಗಿಲ್ಲ."

ಮುಮ್ತಾಜಬೇಗಂ ಮುನ್ನಿಯ ಗಲ್ಲ ಹಿಡಿದು ಸಕ್ಕರೆಯನ್ನು ಅವಳ ಬಾಯಿಗೆ ಹಾಕಿ, ಮಗಳ ಕಡೆ ತಿರುಗಿದಳು.

"ನೀ ಯಾಕ ಅಳ್ತೀ ಹುಚ್ಚಿ? ಬ್ಯಾಡ ಅಂದ್ರ ಲಾಲಬೀ ಮನಿಗೆ ಕೆಟ್ಟ ಹೆಸರು ಬರಬಾರದಂತ ನಮ್ಮ ಮನ್ಯಾಗ ತೋರಿಸಿದ್ವಿ, ಅಷ್ಟ; ಅವ್ರು ನೋಡಾಕ ಬಂದಿದ್ದು ಮುನ್ನೀನ್ನ."