ಧಾರೆ ಸೀರೆ

ಪ್ರವಾಸಿಗರ ಹಾಗೆ ಕಾಣಬೇಕೆಂದು ಚಿನ್ನಯ್ಯ ಶೆಟ್ಟರು ಬಿ.ಸಿ. ರೋಡಿನಲ್ಲಿ ಒಂದು ಟೋಪಿ ಕೊಂಡಿದ್ದರು.

"ಅದೊಂದು ಬಾಕಿ ಇತ್ತು," ಎಂದರು ಹೆಂಡತಿ ಕಾಂತಿ. "ತೋಡಾರಿನವರು ಹಾಕಿದ ಟೋಪಿ ಸಾಕಾಗಲಿಲ್ಲವಾ ನಿಮಗೆ?"

"ಸ್ವಲ್ಪ ಸುಮ್ಮನಿರು ಮಾರಾಯ್ತಿ. ಇನ್ನೂ ಏನೂ ಗೊತ್ತಾಗಲಿಲ್ಲವಲ್ಲ."

ಗೊತ್ತು ಮಾಡಿಕೊಳ್ಳುವುದಕ್ಕೇ ಅವರು ವಿಟ್ಲದಿಂದ ಬಂದದ್ದು. ಮುಂದಿನ ಭಾನುವಾರ ಮಗ ಶೋಧನ್‌ನ ಮದುವೆ. ಹುಡುಗಿ ತೋಡಾರಿನ ದಯಾನಂದರ ಮಗಳು ದೀಕ್ಷಿತಾ. ಎಲ್ಲ ನಿಶ್ಚಯವಾದ ಮೇಲೆ ಹೆಸರು ಹೇಳದ ಹೆಂಗಸೊಬ್ಬಳು ಫೋನ್ ಮಾಡಿದ್ದಳು. "ನಿಮ್ಮ ಸೊಸೆಯಾಗುವವಳನ್ನು ಒಮ್ಮೆ ನೋಡಿಕೊಂಡು ಬನ್ನಿ. ಬೆಳ್ತಂಗಡಿಯಿಂದ ಆಚೆ, ಹೊಳೆಬದಿಯಲ್ಲಿ ಗುಡಿಸಲುಗಳ ಹೋಂಸ್ಟೇ ಉಂಟು." ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಆಟಿ ತಿಂಗಳ ಜಡಿಮಳೆ. ಗಿರಾಕಿಗಳಿಲ್ಲದ ಕಾಲವೆಂದು ಬಾಡಿಗೆ ಅರ್ಧಕ್ಕೆ ಇಳಿದಿತ್ತು. ಹೊಳೆಗೆ ಮುಖ ಮಾಡಿದ ಗುಡಿಸಲು ಸಿಕ್ಕಿತು. ಮೇಲೆ ಮುಳಿಹುಲ್ಲು, ಅದರ ಅಡಿಯಲ್ಲಿ ಪ್ಲಾಸ್ಟಿಕ್ ಶೀಟು. ಲಾಟೀನಿನೊಳಗೆ ಬಲ್ಬು. ಕಾಂತಿ ಗೋಡೆಗೆ ಉಗುರು ಒತ್ತಿ ನೋಡಿದರು. ಮಣ್ಣಲ್ಲ, ಮಣ್ಣಿನ ಬಣ್ಣ ಬಳಿದ ಸಿಮೆಂಟು.

"ಇದೂ ಸುಳ್ಳು," ಎಂದು ಮಂಚದ ಮೇಲೆ ಕೂತರು. "ಹುಲ್ಲಿನ ಮಾಡಿನ ಅಡಿಯಲ್ಲಿ ಹುಟ್ಟಿದವಳು ನಾನು. ಅದರಿಂದ ಹೊರಗೆ ಬರಲಿಕ್ಕೆ ನನ್ನಮ್ಮ ಹರಕೆ ಹೇಳಿಕೊಂಡಿದ್ದಳು. ಇವರು ದುಡ್ಡು ಕೊಟ್ಟು ಒಳಗೆ ಬರುತ್ತಾರೆ."

ಚೀಲವನ್ನು ಮಾತ್ರ ಮಡಿಲಿನಿಂದ ಇಳಿಸಲಿಲ್ಲ. ಅದರಲ್ಲಿ ಧಾರೆ ಸೀರೆ ಇತ್ತು. ಫೋನಿನ ಮಾತು ಸುಳ್ಳೆಂದಾದರೆ ಇಲ್ಲಿಂದ ನೇರ ತೋಡಾರಿಗೆ ಹೋಗಿ, ಸೀರೆ ಒಪ್ಪಿಸಿ ಬರುವುದೆಂದು ಯೋಚಿಸಿದ್ದರು. ಸುಳ್ಳಾಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದರು.

ಮಗಳು ಸಾತ್ವಿಕಾಳಿಗೆ ಬಂದ ಸಂಬಂಧಗಳೆಲ್ಲ ಅಂಗಳದವರೆಗೆ ಬಂದು ಮುರಿಯುತ್ತಿದ್ದವು. ಅಣ್ಣನದು ಆಗದೆ ತಂಗಿಯದು ಕೂಡಿಬರುವುದಿಲ್ಲ ಎಂದರು ಜೋಯಿಸರು. ಅಂದಿನಿಂದ ಶೋಧನ್‌ಗೆ ಹುಡುಕಾಟ. ಬಳಿ, ಅಂದರೆ ಗೋತ್ರ, ಬೇರೆಯಾಗಬೇಕು, ವಯಸ್ಸು ಹೊಂದಬೇಕು. ಅಂಥ ಹುಡುಗಿ ಎಲ್ಲೆಂದರಲ್ಲಿ ಸಿಗುವುದಿಲ್ಲ. ದಯಾನಂದರು ತಾವಾಗಿಯೇ ಬಂದು, "ನಮ್ಮಲ್ಲಿ ಒಬ್ಬಳಿದ್ದಾಳೆ" ಎಂದಾಗ ಕಾಂತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದರು. ಹುಡುಗಿ ಮುಂಬಯಿಯಲ್ಲಿ ಸೋದರತ್ತೆಯ ಮನೆಯಲ್ಲಿ ಬೆಳೆದವಳು. ಊರಿನವರು ಕಂಡದ್ದು ಕಡಿಮೆ. ಅವಳದು ಮುಗಿದರೆ ತಮ್ಮ ಮಗ ತರುಣ್‌ಗೂ ದಾರಿಯಾಗುತ್ತದೆ ಎಂದಿದ್ದರು ದಯಾನಂದರು.

ಹುಡುಗಿ ನೋಡುವ ಶಾಸ್ತ್ರ ಇರಲಿಲ್ಲ. ಒಂದು ಫೋಟೋ ಕೊಟ್ಟಿದ್ದರು. ನಗುಮುಖ, ಎಡಹುಬ್ಬನ್ನು ಎರಡು ಮಾಡಿದ ಹಳೆಯ ಗಾಯದ ಗೆರೆ. ಕಾಂತಿ ಅದನ್ನು ದೇವರ ಪಟದ ಪಕ್ಕದಲ್ಲಿಟ್ಟಿದ್ದರು. ಶೋಧನ್‌ಗೆ ಅಂಗಿ ಕೊಳ್ಳುವಾಗ ಅಂಗಡಿಯವನು ಅಳತೆ ಕೇಳಿದ್ದಕ್ಕೆ ಗಂಡನ ಭುಜ ತೋರಿಸಿದ್ದರು.

"ಪತ್ರೊಡೆ ತಂದೆ ಅಮ್ಮಾ. ಬಿಸಿ ಉಂಟು."

ಬಾಗಿಲಲ್ಲಿ ನಿಂತವಳ ಎಡಹುಬ್ಬು ಎರಡಾಗಿತ್ತು. ಕುತ್ತಿಗೆಯಲ್ಲಿ ಕರಿಮಣಿ. ಸೊಂಟದಲ್ಲಿ ಮಗು.

ಚಿನ್ನಯ್ಯ ಶೆಟ್ಟರು ಟೋಪಿ ತೆಗೆದರು.

"ನಿನ್ನ ಹೆಸರೇನು ಮಗಾ?" ಕಾಂತಿ ಕೇಳಿದರು.

"ದೀಕ್ಷಿತಾ. ಈ ಹೋಂಸ್ಟೇ ನಮ್ಮದೇ, ನಾನೂ ಗಂಡನೂ ನೋಡಿಕೊಳ್ತೇವೆ."

"ಮಗು?"

"ನನ್ನದೇ. ಬೇರೆಯವರದ್ದಾದರೆ ಇಷ್ಟು ಕೂದಲು ಎಳೀತದಾ?"

ತಟ್ಟೆ ಇಡಲು ಅವಳು ಬಗ್ಗಿದಾಗ ಮಗು ಚೀಲದಿಂದ ಇಣುಕುತ್ತಿದ್ದ ಜರಿಯತ್ತ ಕೈ ಚಾಚಿತು. "ಎಷ್ಟು ಚಂದದ ಸೀರೆ! ಯಾರಿಗೆ ಅಮ್ಮಾ?" ಎಂದು ಅವಳೂ ಕೈ ಮುಂದೆ ಮಾಡಿದಳು.

ಕಾಂತಿ ಚೀಲವನ್ನು ಎಳೆದು ಎದೆಗೆ ಒತ್ತಿಕೊಂಡರು. "ಮುಟ್ಟಬೇಡ. ಮಗುವನ್ನು ಆಚೆ ಕರಕೊಂಡು ಹೋಗು. ಈಗಲೇ."

ಹುಡುಗಿಯ ಮುಖ ಸಣ್ಣದಾಯಿತು. "ಕೈ ತೊಳೆದೇ ಬಂದದ್ದು ಅಮ್ಮಾ," ಎಂದು ಹೊರಗೆ ಹೋದಳು.

ಚಿನ್ನಯ್ಯ ಶೆಟ್ಟರು ಜಗಲಿಗೆ ಬಂದು ಫೋನ್ ಮಾಡಿದರು. ಒಳಗಿದ್ದ ಕಾಂತಿಗೂ ಕೇಳಲೆಂದು ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟರು.

"ದಯಾನಂದಣ್ಣ, ಹುಡುಗಿಯ ವಿಷಯದಲ್ಲಿ ಮುಚ್ಚಿಟ್ಟದ್ದು ಏನಾದರೂ ಉಂಟಾ?"

"ಎಂಥದ್ದೂ ಇಲ್ಲ ಶೆಟ್ರೇ. ಅವಳ ಬಗ್ಗೆ ಇನ್ನು ಯಾರೂ ಒಂದು ಮಾತು ಎತ್ತುವ ಹಾಗಿಲ್ಲ. ನಿಮ್ಮ ಹುಡುಗನ ಹಾಗೆಯೇ." ದಯಾನಂದರ ದನಿ ಸ್ವಲ್ಪವೂ ಅಲುಗಲಿಲ್ಲ. "ಭಾನುವಾರ ಬೇಗ ಬನ್ನಿ."

ಶೆಟ್ಟರು ಕರೆ ಮುಗಿಸಿ ತಿರುಗಿದರೆ, ದೀಕ್ಷಿತಾ ನೀರಿನ ತಂಬಿಗೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು.

"ಅದು ನನ್ನ ಅಪ್ಪನ ಸ್ವರ," ಎಂದಳು. "ನಿಮಗೆ ಅವರ ಪರಿಚಯ ಉಂಟಾ?"

ಶೆಟ್ಟರು ಫೋನನ್ನು ಕೈಗೆತ್ತಿಕೊಂಡರು. ಅವಳು ತಂಬಿಗೆ ಇಟ್ಟು ಮೆಟ್ಟಿಲ ಮೇಲೆಯೇ ಕೂತಳು. "ನಾನು ಮೆಚ್ಚಿದವನ ಒಟ್ಟಿಗೆ ಬಂದೆ. ಆಮೇಲೆ ಅಪ್ಪ ಮಾತಾಡಲಿಲ್ಲ. ಫೋನ್ ಮಾಡಿದರೆ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಇಡ್ತಾರೆ. ಮಗು ಹುಟ್ಟಿದಾಗಲೂ ಹಾಗೆಯೇ." ಶೆಟ್ಟರತ್ತ ತಿರುಗಿದಳು. "ನಿಮ್ಮ ಹತ್ತಿರ ನನ್ನ ಬಗ್ಗೆ ಏನಾದರೂ ಹೇಳಿದರಾ?"

ಕಾಂತಿ ಒಳಗಿನಿಂದ ಬಂದು ಅವಳ ಪಕ್ಕದಲ್ಲಿ ಕೂತರು. ಚೀಲವನ್ನು ದೂರಕ್ಕೆ, ಇನ್ನೊಂದು ಬದಿಗೆ ಸರಿಸಿದರು.

"ಹೇಳಿದರು. ನಿನ್ನ ಮದುವೆಯ ವಿಷಯವೇ ಹೇಳಿದರು."

"ಹೌದಾ? ಒಪ್ಪಿಕೊಂಡರಾ?"

"ತಾವೇ ಮುಂದೆ ನಿಂತು ಮಾಡಿಸುವವರ ಹಾಗೆ ಮಾತಾಡಿದರು ಮಗಾ."

ಹುಡುಗಿ ನಕ್ಕಳು, ಫೋಟೋದಲ್ಲಿ ನಕ್ಕ ಹಾಗೆಯೇ. ಒಳಗೆಲ್ಲೋ ಮಗು ಅತ್ತಿತು. ಕಣ್ಣೊರೆಸಿಕೊಂಡು ಎದ್ದು ಓಡಿದಳು.

ಅವಳು ಮರೆಯಾಗುವವರೆಗೆ ಕಾಂತಿ ಕಾದರು. ಆಮೇಲೆ ಗಂಡನ ಕೈಯಿಂದ ಫೋನ್ ತೆಗೆದುಕೊಂಡು ತೋಡಾರಿಗೆ ಮತ್ತೆ ಕರೆ ಮಾಡಿದರು.

"ನಮ್ಮ ಶೋಧನ್ ತೊಟ್ಟಿಲಲ್ಲೇ ತೀರಿಕೊಂಡವನು, ದಯಾನಂದಣ್ಣ. ಸತ್ತವರಿಗೆ ಮಾಡುವ ಈ ಮದುವೆಗೆ ನಾವು ಕೇಳಿದ್ದು ಸತ್ತ ಹುಡುಗಿಯನ್ನು. ನೀವು ಕೊಟ್ಟದ್ದು ಬದುಕಿರುವವಳನ್ನು."