ಗ್ರೂಪಿನ ಹೊಣೆ

ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಮಂತ್ರಿಯನ್ನು ಲೇವಡಿ ಮಾಡುವ ವ್ಯಂಗ್ಯಚಿತ್ರ ಹಾಕಿದ್ದರು. ಇನ್‌ಸ್ಪೆಕ್ಟರ್ ಹಿಡಿದು ತಂದದ್ದು ಮಾತ್ರ ಗ್ರೂಪಿನ ಅಡ್ಮಿನ್ ಆಗಿದ್ದ ಹಾಲಪ್ಪನನ್ನು.

“ಹಾಕಿದ್ದು ನಾನಲ್ಲ ಸಾರ್.”

“ಯಾರು ಹಾಕಿದ್ರೂ ಅಡ್ಮಿನ್ನೇ ಹೊಣೆ. ನನ್ನ ಸ್ಟೇಷನ್ನಲ್ಲಿ ಇದೇ ಕಾನೂನು.”

“ಇವತ್ತು ನಮ್ಮವ್ವನ ವರ್ಷದ ತಿಥಿ ಸಾರ್. ಎಡೆ ಇಟ್ಟು ಬಂದ್ಬಿಡ್ತೀನಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ನಿಮ್ಮವ್ವ ಇನ್ನೆಲ್ಲೂ ಹೋಗಲ್ಲ. ಕೂತ್ಕೊ.”

ಸಂಜೆ ಬಿಟ್ಟು ಕಳಿಸುವಾಗ ಇನ್‌ಸ್ಪೆಕ್ಟರ್ ಇನ್ನೊಂದು ಅಪ್ಪಣೆ ಕೊಟ್ಟ. “ನನ್ನನ್ನೂ ಗ್ರೂಪಿಗೆ ಸೇರಿಸು. ಇನ್ಮೇಲೆ ನಿಮ್ಮೆಲ್ಲರ ಮೇಲೆ ನನ್ನ ಕಣ್ಣಿರತ್ತೆ.”

ಹಾಲಪ್ಪ ಅಲ್ಲೇ ನಿಂತು ಸೇರಿಸಿದ. ಮನೆಗೆ ಬಂದಾಗ ಅವ್ವನ ಫೋಟೊದ ಮುಂದೆ, ಎಡೆಗೆಂದು ಹಾಸಿದ್ದ ಬಾಳೆಯೆಲೆ ಬಾಡಿಹೋಗಿತ್ತು. ಅದನ್ನು ತೆಗೆದು ಬೇರೆ ಎಲೆ ಹಾಸಿದ. ಆಮೇಲೆ ಮತ್ತೊಮ್ಮೆ ಫೋನ್ ಕೈಗೆತ್ತಿಕೊಂಡ.

ತಿಂಗಳು ತುಂಬುವ ಮೊದಲೇ ಇನ್‌ಸ್ಪೆಕ್ಟರನ ಜೀಪು ಅವನ ಮನೆ ಮುಂದೆ ನಿಂತಿತು.

“ಮತ್ತೆ ಅದೇ ಮಂತ್ರಿ, ಅದೇ ಗ್ರೂಪು! ಈ ಸಲ ಎಸ್ಪಿ ಸಾಹೇಬ್ರ ತನಕ ಹೋಗಿದೆ. ಅಡ್ಮಿನ್ ಯಾರೇ ಆಗ್ಲಿ, ಈಗ್ಲೇ ತಂದು ನಿಲ್ಲಿಸು ಅಂದಿದಾರೆ. ಹತ್ತೋ ಜೀಪು!”

“ನಾನ್ಯಾಕೆ ಸಾರ್? ಅವತ್ತೇ ಗ್ರೂಪ್ ಬಿಟ್ಟೆ.”

“ಬಿಟ್ಯಾ? ನಾನು ಆ ಗ್ರೂಪ್ ತೆಗೆದೇ ನೋಡಿಲ್ಲ. ಮತ್ತೆ ಈಗ ಅಡ್ಮಿನ್ ಯಾವನು?”

ಹಾಲಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

“ಬಿಡೋ ಮುಂಚೆ ನಿಮ್ಮನ್ನೇ ಮಾಡಿ ಬಂದೆ. ಸಾಹೇಬ್ರು ಕಾಯ್ತಿರ್ತಾರೆ, ಹತ್ತಿ ಸಾರ್ ಜೀಪು.”