ಕೋಟೆಕೇರಿಯ ಜಗಲಿ
ಆ ಹಳೆಯ ಬಂದರಿನ ಊರಿನಲ್ಲಿ ಕೋಟೆಕೇರಿ ದಿನವೂ ಬೆಳಗಿನ ಉಬ್ಬರಕ್ಕೆ ಮನೆ, ಬಾವಿ, ಕೋಳಿಗಳ ಸಮೇತ ಕಡಲಿಗೆ ತೇಲಿಹೋಗಿ ಸಂಜೆ ಮರಳುತ್ತಿತ್ತು. ಗುಡ್ಡೆಕೇರಿ ಮಾತ್ರ ಅಲುಗುತ್ತಿರಲಿಲ್ಲ. ಊರಿಗೆ ವರ್ಗವಾಗಿ ಬಂದ ವಾಗ್ದೇವಿ, ಅಮ್ಮ ತೀರಿಕೊಂಡಾಗಿನಿಂದ ಮಾತೇ ಬಿಟ್ಟಿದ್ದ ಅಪ್ಪನಿಗೆ ಗುಡ್ಡೆಕೇರಿಯೇ ಸರಿ ಎಂದುಕೊಂಡಳು. ದಣಿದಿದ್ದ ಅವರನ್ನು ಕೋಟೆಕೇರಿಯ ಜಗಲಿಯೊಂದರಲ್ಲಿ ಕೂರಿಸಿ, ದಲ್ಲಾಳಿ ಲೂವಿಸನೊಡನೆ ಗುಡ್ಡೆಯ ಮನೆ ನೋಡಿ ಬರುವಷ್ಟರಲ್ಲಿ ಕೇರಿ ಹೊರಟೇಬಿಟ್ಟಿತ್ತು.

"ಅಯ್ಯೋ, ಅಪ್ಪ!"

"ಹೆದರ್ಬೇಡಿ ಮಾರಾಯ್ರೆ, ಊಟ ಅಲ್ಲೇ ಕೊಡ್ತಾರೆ," ಎಂದ ಲೂವಿಸ್.

ವಾಗ್ದೇವಿ ಸಂಜೆಯವರೆಗೂ ದೋಣಿ ನಿಲ್ಲುವ ದಕ್ಕೆಯಲ್ಲೇ ಕಾದಳು. ಕೇರಿ ದಡ ತಾಗಿದಾಗ ಅಪ್ಪ ಯಾರದೋ ಲುಂಗಿಯುಟ್ಟು, ಜಗಲಿಯ ಮುದುಕರೊಬ್ಬರೊಡನೆ ಇಸ್ಪೀಟಾಡುತ್ತಿದ್ದರು.

"ಹೋಗುವಾ ಅಪ್ಪ?"

"ಸುಮ್ನಿರು ಮಗಾ! ಇವ ಎಲೆ ಕದ್ದಿದ್ದಾನೆ!"

ವಾಗ್ದೇವಿ ಕಣ್ಣೊರೆಸಿಕೊಂಡು ಲೂವಿಸನಿಗೆ, "ಗುಡ್ಡೆಕೇರಿ ಬೇಡ," ಎಂದಳು.